ವರ್ಜೀನಿಯಾ ದಾಟುವವರು ಯಾವ ರೇಡಾರ್ ಡಿಟೆಕ್ಟರ್ ಕೊಳ್ಳಬೇಕು?

ಪ್ರಶ್ನೆ: ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಕೆಲಸದ ಮೇಲೆ ತಿಂಗಳಿಗೆ ಎರಡು ಸಲ ಅಟ್ಲಾಂಟಾಕ್ಕೆ ಕಾರಿನಲ್ಲೇ ಹೋಗಿಬರುತ್ತೇನೆ. ವರ್ಷಕ್ಕೆ ಮೂರ್ನಾಲ್ಕು ಸಲ ವಾಷಿಂಗ್ಟನ್ ಡಿ.ಸಿ. ಕಡೆಯ ನೆಂಟರ ಮನೆಗೆ ಹೋಗುವುದಿದೆ. ಕಾರು 2018ರ ಹೋಂಡಾ ಸಿಆರ್-ವಿ. ಮೊನ್ನೆ ಟಿಕೆಟ್ ಬಿದ್ದ ಮೇಲೆ ರೇಡಾರ್ ಡಿಟೆಕ್ಟರ್ ಕೊಳ್ಳೋಣವೆಂದು ನೋಡಿದರೆ 50 ಡಾಲರಿನಿಂದ 800 ಡಾಲರ್ ತನಕ ಇವೆ. ಯಾವುದನ್ನು ಕೊಳ್ಳಲಿ? ಬೆಂಗಳೂರು–ಮೈಸೂರು ಹೈವೇಗೆ ಒಂದು ತಂದುಕೊಡು ಎಂದು ಮೈಸೂರಿನಲ್ಲಿರುವ ತಮ್ಮನೂ ಕೇಳುತ್ತಿದ್ದಾನೆ. ಅಲ್ಲಿ ಅದು ಕೆಲಸಕ್ಕೆ ಬರುತ್ತದೆಯೇ?

ಉತ್ತರ: ಯಾವ ಕಂಪನಿಯದು ಎಂಬುದನ್ನು ಆಮೇಲೆ ನೋಡೋಣ, ಮೊದಲು ನಿಮ್ಮ ದಾರಿಯ ವಿಷಯ. ಪೊಲೀಸ್ ರೇಡಾರ್ ಹತ್ತಿರವಿದ್ದರೆ ಎಚ್ಚರಿಸುವ ಈ ಸಾಧನಕ್ಕೆ ನೀವು ಹೇಳಿದ ಎರಡು ದಾರಿಗಳಲ್ಲಿ ಒಂದರಲ್ಲಿ ಅಡ್ಡಿಯಿಲ್ಲ, ಇನ್ನೊಂದರಲ್ಲಿ ಇದು ಕಾನೂನುಬಾಹಿರ. ಅಟ್ಲಾಂಟಾಕ್ಕೆ ಹೋಗುವಾಗ ಸಿಗುವ ನಾರ್ತ್ ಕ್ಯಾರೊಲಿನಾ, ಸೌತ್ ಕ್ಯಾರೊಲಿನಾ, ಜಾರ್ಜಿಯಾ ಮೂರರಲ್ಲೂ ಖಾಸಗಿ ಕಾರಿನಲ್ಲಿ ಡಿಟೆಕ್ಟರ್ ಬಳಸಬಹುದು. ಉತ್ತರಕ್ಕೆ ಹೊರಟರೆ ವರ್ಜೀನಿಯಾ ದಾಟದೆ ಡಿ.ಸಿ. ಸಿಗುವುದಿಲ್ಲ. ಇಡೀ ಅಮೆರಿಕದಲ್ಲಿ ಖಾಸಗಿ ಕಾರುಗಳಿಗೂ ಡಿಟೆಕ್ಟರ್ ನಿಷೇಧಿಸಿರುವುದು ಇವೆರಡೇ, ವರ್ಜೀನಿಯಾ ಮತ್ತು ಡಿ.ಸಿ.

ವರ್ಜೀನಿಯಾದಲ್ಲಿ "ಆಫ್ ಮಾಡಿದ್ದೆ" ಎಂದರೆ ನಡೆಯುವುದಿಲ್ಲ. ಸಾಧನಕ್ಕೆ ವಿದ್ಯುತ್ ಸಂಪರ್ಕವೇ ಇರಬಾರದು, ಚಾಲಕನಿಗಾಗಲಿ ಪ್ರಯಾಣಿಕರಿಗಾಗಲಿ ಅದು ಸುಲಭವಾಗಿ ಕೈಗೆ ಸಿಗಬಾರದು. ಎರಡೂ ಒಟ್ಟಿಗೆ ಇದ್ದರಷ್ಟೇ ವಿನಾಯಿತಿ. ಸೆಡಾನ್ ಇದ್ದವರು ಡಿಕ್ಕಿಯಲ್ಲಿ ಹಾಕಿದರೆ ಮುಗಿಯಿತು. ನಿಮ್ಮ ಸಿಆರ್-ವಿಯಲ್ಲಿ ಲಗೇಜ್ ಇಡುವ ಜಾಗ ಹಿಂದಿನ ಸೀಟಿಗೆ ತೆರೆದುಕೊಂಡಿರುವುದರಿಂದ ಅಲ್ಲಿ ಸುಮ್ಮನೆ ಇಟ್ಟರೆ ವಾದಕ್ಕೆ ಎಡೆಯಾಗುತ್ತದೆ. ಲಗೇಜ್ ಜಾಗದ ನೆಲಹಲಗೆ ಎತ್ತಿದರೆ ಸ್ಟೆಪ್ನಿ ಕೂರುವ ಗುಂಡಿಯಿದೆ, ಅದರೊಳಗೆ ಇಟ್ಟು ಮೇಲೆ ಸೂಟ್‌ಕೇಸ್ ಹೇರಿ. ಐ-85ರಲ್ಲಿ ಹೋಗುವವರು ಹೆಂಡರ್ಸನ್‌ನಲ್ಲಿ ಗ್ಯಾಸ್ ಹಾಕಿಸುವಾಗಲೇ ಈ ಕೆಲಸ ಮುಗಿಸಿಬಿಡುವುದು ಒಳ್ಳೆಯದು. ಗಡಿ ದಾಟಿದ ಮೇಲೆ ಶೋಲ್ಡರ್‌ನಲ್ಲಿ ಕಾರು ನಿಲ್ಲಿಸಿ ಸಕ್ಷನ್ ಕಪ್ ಕೀಳುತ್ತಾ ಕೂರುವುದು ಅಪಾಯ, ನೋಡುವವರಿಗೂ ವಿಚಿತ್ರ.

ಗಾಜಿನ ಮೇಲೆ ಕಾಣದಂತೆ ಕೂರಿಸಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಗೊತ್ತಾಗುತ್ತದೆ. ಈ ಡಿಟೆಕ್ಟರ್‌ಗಳ ಒಳಗೆ ತರಂಗ ಹುಟ್ಟಿಸುವ ಒಂದು ಆಸಿಲೇಟರ್ ಸದಾ ನಡೆಯುತ್ತಿರುತ್ತದೆ. ಅದರಿಂದ ಅಲ್ಪಸ್ವಲ್ಪ ರೇಡಿಯೋ ಸಂಕೇತ ಹೊರಗೆ ಸೋರುತ್ತದೆ. ಆ ಸೋರಿಕೆಯನ್ನು ಹಿಡಿಯಲೆಂದೇ ವಿಜಿ-2, ಸ್ಪೆಕ್ಟರ್ ಎಂಬ ಸಾಧನಗಳು ಪೊಲೀಸರಿಗೆ ಬಂದವು. ಸೋರಿಕೆ ಕಡಿಮೆ ಮಾಡಿದ ಮಾದರಿಗಳು ಉಂಟು. ಆದರೆ ಅದಕ್ಕೆಂದು ಹೆಚ್ಚು ದುಡ್ಡು ಕೊಟ್ಟು ವರ್ಜೀನಿಯಾದಲ್ಲಿ ಬಳಸಿ ಎಂದು ನಾವು ಹೇಳುವುದಿಲ್ಲ. ಅಲ್ಲಿ 85 ಮೈಲಿ ಮೀರಿದರೆ, ಅಥವಾ ಲಿಮಿಟ್‌ಗಿಂತ 20 ಮೈಲಿ ಹೆಚ್ಚಾದರೆ, ಅದು ಬರೀ ಟಿಕೆಟ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್. ಕ್ಲಾಸ್ 1 ಮಿಸ್‌ಡಿಮೀನರ್ ಎಂಬ ಕ್ರಿಮಿನಲ್ ಅಪರಾಧವಾಗುವುದರಿಂದ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಲಿಮಿಟ್ 70 ಇರುವ ಕಡೆ 86ಕ್ಕೆ ಸಿಕ್ಕಿಬಿದ್ದರೂ ಇದೇ ಕತೆ. ಎಚ್-1ಬಿಯಲ್ಲೋ ಗ್ರೀನ್ ಕಾರ್ಡ್ ಸಾಲಿನಲ್ಲೋ ಇರುವವರು ಇದರ ಬಗ್ಗೆ ಅರ್ಜಿಯಲ್ಲಿ ಏನು ಬರೆಯಬೇಕೆಂದು ವಕೀಲರನ್ನು ಕೇಳಬೇಕಾಗುತ್ತದೆ.

ಇನ್ನೊಂದು ಗಡಿಯನ್ನೂ ನೆನಪಿಡಿ. ನಯಾಗರಾ ನೋಡಿಕೊಂಡು ಹಾಗೇ ಟೊರಾಂಟೊಗೆ ಹೋಗುವವರು ಬಹಳ. ಒಂಟಾರಿಯೊದಲ್ಲಿ ಕಾರಿನೊಳಗೆ ಡಿಟೆಕ್ಟರ್ ಇದ್ದರೇ ತಪ್ಪು, ಪೊಲೀಸರು ಕಿತ್ತುಕೊಳ್ಳಬಹುದು. ಆ ಪ್ರವಾಸಕ್ಕೆ ಅದನ್ನು ಮನೆಯಲ್ಲೇ ಬಿಟ್ಟುಹೋಗಿ.

ಅಲ್ಲಿಗೆ, ನೀವು ಕೊಳ್ಳುವುದು ಅಟ್ಲಾಂಟಾ ದಾರಿಗೆ, ಅದಕ್ಕೆ ಮಾತ್ರ. ಈ ಲೆಕ್ಕ ಖಚಿತವಾದರೆ ಉಳಿದ ಆಯ್ಕೆ ಸುಲಭ.

ಅದು ಏನನ್ನು ಕೇಳಿಸಿಕೊಳ್ಳುತ್ತದೆ

ಡಿಟೆಕ್ಟರ್ ಎಂದರೆ ಒಂದು ರೇಡಿಯೋ, ಹಾಡಿನ ಬದಲು ಪೊಲೀಸ್ ರೇಡಾರ್ ಕೇಳುತ್ತದೆ ಅಷ್ಟೆ. ಪೊಲೀಸರು ವೇಗ ಅಳೆಯುವ ರೇಡಾರ್ ಗನ್ ಮೈಕ್ರೋವೇವ್ ಬಿಡುತ್ತದೆ, ಅದು ಕಾರಿಗೆ ತಾಗಿ ವಾಪಸಾದಾಗ ಫ್ರೀಕ್ವೆನ್ಸಿ ತುಸು ಬದಲಾಗಿರುತ್ತದೆ. 34.7 ಗಿಗಾಹರ್ಟ್ಸ್ ಗನ್ ಎದುರು ನೀವು 70 ಮೈಲಿ ವೇಗದಲ್ಲಿ ಬಂದರೆ ವ್ಯತ್ಯಾಸ ಸುಮಾರು 7,200 ಹರ್ಟ್ಸ್. ಅದನ್ನು ಅಳೆದು ವೇಗ ಹೇಳುತ್ತದೆ. ಇಲ್ಲಿ ನಿಮಗೊಂದು ಸಹಜ ಅನುಕೂಲವಿದೆ. ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ಬ್ಯಾಟರಿ ಹಿಡಿದು ಬರುವವನನ್ನು ನೆನೆದುಕೊಳ್ಳಿ. ಅವನ ಬೆಳಕು ನಿಮಗೆ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಅವನಿಗೆ ನೀವು ಕಾಣಬೇಕಾದರೆ ಆ ಬೆಳಕು ನಿಮ್ಮ ಮೇಲೆ ಬಿದ್ದು ಅವನ ಕಣ್ಣಿಗೆ ಮರಳಬೇಕು. ಗನ್‌ಗೆ ಹೋಗಿಬರುವ ದಾರಿ, ನಿಮ್ಮ ಡಿಟೆಕ್ಟರ್‌ಗೆ ಒಂದೇ ದಾರಿ.

ಅಮೆರಿಕದಲ್ಲಿ ಪೊಲೀಸರು ಬಳಸುವ ಬ್ಯಾಂಡ್‌ಗಳು, ಅಂದರೆ ಫ್ರೀಕ್ವೆನ್ಸಿ ಪಟ್ಟಿಗಳು, ಮೂರೇ. ಎಕ್ಸ್ ಬ್ಯಾಂಡ್ 10.525 ಗಿಗಾಹರ್ಟ್ಸ್, ಈಗ ಬಹುತೇಕ ಮಾಯವಾಗಿದೆ. ಕೆ ಬ್ಯಾಂಡ್ 24.150ರ ಆಸುಪಾಸು, ಇನ್ನೂ ಜೀವಂತ. ಕೆಎ ಬ್ಯಾಂಡ್ 33.4ರಿಂದ 36.0ರವರೆಗೆ, ಇಂದಿನ ಬಹುಪಾಲು ಗನ್‌ಗಳು ಇದರಲ್ಲಿ. ಕೆಎ ಇಷ್ಟು ಅಗಲವಿದ್ದರೂ ಗನ್‌ಗಳು ಕೂರುವುದು ಮುಖ್ಯವಾಗಿ ಮೂರು ಜಾಗದಲ್ಲಿ: 33.8, 34.7 ಮತ್ತು 35.5. ಎಂಪಿಎಚ್ ಕಂಪನಿಯ ಗನ್ 33.8, ಸ್ಟಾಕರ್ 34.7, ಕುಸ್ಟಮ್ ಸಿಗ್ನಲ್ಸ್ 35.5. ಈ ಮೂರು ಸಂಖ್ಯೆಗಳು ಬಾಯಿಪಾಠವಾದರೆ ಅರ್ಧ ಕೆಲಸ ಕಲಿತಂತೆ, ಏಕೆಂದು ಮುಂದೆ ಹೇಳುತ್ತೇವೆ. "16 ಬ್ಯಾಂಡ್, 360 ಡಿಗ್ರಿ" ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದ 40–50 ಡಾಲರಿನ ಸಾಧನಗಳಿಗೆ ಅಷ್ಟು ಬ್ಯಾಂಡ್ ಎಲ್ಲಿಂದ ಬಂದವೋ ಅವರಿಗೇ ಗೊತ್ತು. ಅವು ಬೇಡ. ಕೆಎ ಕೇಳುವ ಶಕ್ತಿ ಅವುಗಳಲ್ಲಿ ಎಷ್ಟು ಮಂದವೆಂದರೆ ಪೊಲೀಸ್ ಕಾರು ಕಣ್ಣಿಗೆ ಕಂಡ ಮೇಲೆ ಕೂಗುತ್ತವೆ.

ಹಾಗೆಂದು ಮೈಲಿಗಟ್ಟಲೆ ರೇಂಜ್ ಬೇಕೆಂದೂ ಅಲ್ಲ. 70 ಮೈಲಿ ವೇಗದಲ್ಲಿ ಒಂದು ಕಿಲೋಮೀಟರ್ ಸಾಗಲು 32 ಸೆಕೆಂಡ್ ಬೇಕು. ವೇಗ ಹತ್ತು ಮೈಲಿ ಇಳಿಸಲು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಐದಾರು ಸೆಕೆಂಡಿನ ಮಾತು. ಟ್ರೂಪರ್ (ರಾಜ್ಯದ ಹೈವೇ ಪೊಲೀಸ್) ಗನ್ ಅನ್ನು ಸದಾ ಆನ್ ಇಟ್ಟುಕೊಂಡಿದ್ದರೆ ಮಧ್ಯಮ ದರ್ಜೆಯ ಡಿಟೆಕ್ಟರ್ ಕೂಡ ಬೇಕಾದಷ್ಟು ಸಮಯ ಕೊಡುತ್ತದೆ. ಕಷ್ಟವಿರುವುದು ಇನ್‌ಸ್ಟಂಟ್-ಆನ್‌ನಲ್ಲಿ. ಟ್ರೂಪರ್ ಗನ್ ಅನ್ನು ಹೋಲ್ಡ್‌ನಲ್ಲಿ ಇಟ್ಟು, ಬೇಕಾದ ಕಾರು ಹತ್ತಿರ ಬಂದಾಗ ಮಾತ್ರ ಎರಡು ಸೆಕೆಂಡ್ ಒತ್ತುತ್ತಾನೆ. ನಿಮ್ಮ ಕಾರಿಗೇ ಮೊದಲು ಒತ್ತಿದರೆ ಯಾವ ಡಿಟೆಕ್ಟರೂ ಕಾಪಾಡುವುದಿಲ್ಲ, ಅದು ಕೂಗುವಷ್ಟರಲ್ಲಿ ಸಂಖ್ಯೆ ಅವನ ಪರದೆಯ ಮೇಲಿರುತ್ತದೆ. ನಿಮಗಿಂತ ಮೈಲಿ ಮುಂದೆ ಹೋಗುತ್ತಿರುವ ಕಾರಿಗೆ ಒತ್ತಿದಾಗ ಚದುರಿ ಬರುವ ಆ ಸಣ್ಣ ಚೂರನ್ನು ಹಿಡಿದರೆ ಮಾತ್ರ ಉಪಯೋಗ. ದುಬಾರಿ ಸಾಧನದ ಸೂಕ್ಷ್ಮತೆಗೆ ಬೆಲೆ ಬರುವುದು ಇಲ್ಲಿ, "ಐದು ಮೈಲಿ ರೇಂಜ್" ಎಂಬ ಜಾಹೀರಾತಿನಲ್ಲಿ ಅಲ್ಲ. ಐ-85ರ ನಿಮ್ಮ ದಾರಿ ಏರಿಳಿತದ ಪೀಡ್‌ಮಾಂಟ್ ನೆಲ, ಅಕ್ಕಪಕ್ಕ ಮರ. ದಿಬ್ಬದ ಆಚೆಗಿನ ಸಂಕೇತ ನೆಟ್ಟಗೆ ಬರುವುದಿಲ್ಲ, ಹೀಗೆ ಚದುರಿಯೇ ಬರಬೇಕು. ಹಾಗಾಗಿ ತೀರ ಅಗ್ಗದ್ದು ನಿಮಗೆ ಆಗದು.

ಲೇಸರ್ ವಿಷಯ ಬೇರೆಯೇ. ಲೇಸರ್ ಗನ್ 904 ನ್ಯಾನೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಕಿರಣ ಬಿಡುತ್ತದೆ. ಸಾವಿರ ಅಡಿ ದೂರದಲ್ಲಿ ಆ ಕಿರಣದ ಅಗಲ ಮೂರೇ ಅಡಿ, ಗುರಿ ನಿಮ್ಮ ನಂಬರ್ ಪ್ಲೇಟಿಗೋ ಹೆಡ್‌ಲೈಟಿಗೋ, ಅಳತೆ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ. ಪಕ್ಕದ ಕಾರಿಗೆ ಹಿಡಿದದ್ದು ನಿಮಗೆ ತಾಗುವುದೇ ಅಪರೂಪ. ಡಿಟೆಕ್ಟರ್ "ಲೇಸರ್" ಎಂದಿತು ಎಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಲೇಸರ್ ಸಂವೇದನೆ ಚೆನ್ನಾಗಿದೆ ಎಂದು ಯಾರಾದರೂ ನೂರು ಡಾಲರ್ ಹೆಚ್ಚಿಗೆ ಕೇಳಿದರೆ ಕೊಡಬೇಡಿ. ಇನ್ನು ಗನ್‌ನ ಅಳತೆ ಕೆಡಿಸುವ ಜಾಮರ್: ರೇಡಾರ್ ಜಾಮರ್ ದೇಶದಾದ್ಯಂತ ಫೆಡರಲ್ ಅಪರಾಧ. ಲೇಸರ್ ಜಾಮರ್‌ಗಳನ್ನು ವರ್ಜೀನಿಯಾ, ಸೌತ್ ಕ್ಯಾರೊಲಿನಾ, ಟೆನೆಸ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಮುಂತಾದ ರಾಜ್ಯಗಳು ನಿಷೇಧಿಸಿವೆ. ನಿಮ್ಮ ಅಟ್ಲಾಂಟಾ ದಾರಿಯಲ್ಲೇ ಸೌತ್ ಕ್ಯಾರೊಲಿನಾ ಇದೆ. ಆ ದಿಕ್ಕಿಗೆ ಹೋಗಲೇಬೇಡಿ.

ದುಡ್ಡು ಕೊಡುವುದು ಮೌನಕ್ಕೆ

ಡಿಟೆಕ್ಟರ್ ಕೊಂಡವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಅದನ್ನು ಗ್ಲೋವ್ ಬಾಕ್ಸಿಗೆ ಸೇರಿಸುತ್ತಾರೆ. ಅದು ರೇಡಾರ್ ಹಿಡಿಯಲಿಲ್ಲವೆಂದಲ್ಲ, ಎಲ್ಲದಕ್ಕೂ ಕಿರುಚುತ್ತದೆಂದು. ಅಂಗಡಿಗಳ ತಾನಾಗಿ ತೆರೆಯುವ ಬಾಗಿಲುಗಳು ಕೆ ಬ್ಯಾಂಡ್ ಬಿಡುತ್ತವೆ, ಕೆಲವು ಹಳೆಯವು ಎಕ್ಸ್. ಹೈವೇ ಬದಿಯ ಟ್ರಾಫಿಕ್ ಸೆನ್ಸರ್‌ಗಳದ್ದೂ ಕೆ. ಎಲ್ಲಕ್ಕಿಂತ ದೊಡ್ಡ ಕಾಟ ಬೇರೆ ಕಾರುಗಳ ಬ್ಲೈಂಡ್ ಸ್ಪಾಟ್ ಸೆನ್ಸರ್. ಹೋಂಡಾ, ಅಕ್ಯುರಾ, ಮಾಜ್ದಾ, ಜಿಎಂ ಕಂಪನಿಗಳ ಹಲವು ಮಾದರಿಗಳಲ್ಲಿ ಅದು 24 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಪೊಲೀಸ್ ಕೆ ಬ್ಯಾಂಡಿನ ನೆರೆಮನೆಯಲ್ಲೇ ನಡೆಯುತ್ತದೆ. ಹೊಸ ಕಾರುಗಳು 76–81 ಗಿಗಾಹರ್ಟ್ಸ್‌ಗೆ ಹೋಗುತ್ತಿವೆ, ಅವನ್ನು ಡಿಟೆಕ್ಟರ್ ಕೇಳುವುದೇ ಇಲ್ಲ. ಆದರೆ ಹಳೆಯವು ಇನ್ನೂ ಎಷ್ಟೋ ವರ್ಷ ರಸ್ತೆಯಲ್ಲಿರುತ್ತವೆ. ತೋಳ ಬಂತು ತೋಳ ಎಂದು ದಿನಕ್ಕೆ ನಲವತ್ತು ಸಲ ಕೂಗಿದರೆ ನಲವತ್ತೊಂದನೆಯದಕ್ಕೆ ನೀವು ತಿರುಗಿಯೂ ನೋಡುವುದಿಲ್ಲ. ಅಂಥ ಡಿಟೆಕ್ಟರ್ ಇದ್ದೂ ಇಲ್ಲದ ಹಾಗೆ.

ಆದ್ದರಿಂದ ನೋಡಬೇಕಾದ ಮೊದಲ ಗುಣ ಒಳಗೇ ಇರುವ ಜಿಪಿಎಸ್. ಅದಿದ್ದರೆ ದಿನವೂ ಹೋಗುವ ಹ್ಯಾರಿಸ್ ಟೀಟರ್ ಅಂಗಡಿಯ ಬಾಗಿಲಿನ ಸಂಕೇತವನ್ನು ಆ ಜಾಗದ ಸಮೇತ ನೆನಪಿಟ್ಟು ಮುಂದೆ ಸುಮ್ಮನಿರುತ್ತದೆ. ನೀವು ಹೇಳಿದ ವೇಗಕ್ಕಿಂತ ಕಡಿಮೆ ಇರುವಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಎರಡನೆಯದು ಬ್ಲೈಂಡ್ ಸ್ಪಾಟ್ ಸೆನ್ಸರ್‌ಗಳನ್ನು ಸೋಸುವ ಫಿಲ್ಟರ್, ಮತ್ತು ಆ ಫಿಲ್ಟರ್ ಅನ್ನು ಸುಧಾರಿಸುವ ಸಾಫ್ಟ್‌ವೇರ್ ಅಪ್‌ಡೇಟ್. ಹದಿನೈದು ವರ್ಷ ಹಳೆಯ ಉತ್ತಮ ಡಿಟೆಕ್ಟರ್ ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೂ ಬೇಡ ಎನ್ನುವುದು ಇದಕ್ಕೇ. ಕಿವಿ ಚುರುಕಾಗಿರುತ್ತದೆ, ವಿವೇಕ ಇರುವುದಿಲ್ಲ. ಮೂರನೆಯದು ದಿಕ್ಕು ತೋರಿಸುವ ಬಾಣಗಳು.

ಬಾಣ ಬೇಕೇ ಬೇಡವೇ ಎಂಬುದರಲ್ಲೇ ಬೆಲೆಯ ದೊಡ್ಡ ಜಿಗಿತ. ಬಾಣ ತೋರಿಸಲು ಮುಂದಕ್ಕೊಂದು ಹಿಂದಕ್ಕೊಂದು ಆಂಟೆನಾ ಬೇಕು. ಪ್ರಯೋಜನ ನಿಜವಾದದ್ದೇ. ಸಂಕೇತ ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ ಸರಿದರೆ ರಸ್ತೆ ನಡುವಿನ ಮೀಡಿಯನ್‌ನಲ್ಲಿ ನಿಂತ ಪೊಲೀಸನನ್ನು ದಾಟಿದಿರಿ ಎಂದು ಖಾತ್ರಿ. ಹಿಂದಿನ ಬಾಣ ಬಲವಾಗುತ್ತಾ ಹೋದರೆ ಯಾರೋ ಹಿಂಬಾಲಿಸುತ್ತಿದ್ದಾರೆ. ಈ ಬಾಣಗಳನ್ನು ಹೆಸರಾಗಿಸಿದ್ದು 1992ರಲ್ಲಿ ಬಂದ ವ್ಯಾಲೆಂಟೈನ್ ಒನ್. ಅದರ ಎರಡನೇ ತಲೆಮಾರು 2020ರಲ್ಲಿ ಬಂತು, ಇಂದಿಗೂ ಕೆಎಯಲ್ಲಿ ಚುರುಕು. ಕೊರತೆ ಒಂದೇ, ಒಳಗೆ ಜಿಪಿಎಸ್ ಇಲ್ಲ. ಮೊಬೈಲಿನಲ್ಲಿ ಜೆಬಿವಿ1 ಅಥವಾ ವಿ1ಡ್ರೈವರ್ ಆ್ಯಪ್ ಹಾಕಿ ಬ್ಲೂಟೂತ್‌ನಲ್ಲಿ ಜೋಡಿಸಬೇಕು. ಅದನ್ನು ಆಸಕ್ತಿಯಿಂದ ಸೆಟ್ ಮಾಡಿಕೊಳ್ಳುವವರಿಗೆ ಅದರಷ್ಟು ಹೇಳಿದಂತೆ ಕೇಳುವ ಡಿಟೆಕ್ಟರ್ ಇನ್ನೊಂದಿಲ್ಲ. ಪ್ಲಗ್ ಚುಚ್ಚಿ ಮರೆಯುವ ಸ್ವಭಾವದವರಿಗೆ ಅದು ತಲೆನೋವು.

ಯುನಿಡೆನ್ ಕಂಪನಿಯ ಮಾದರಿಗಳಲ್ಲಿ ಆರ್4 ಬಾಣವಿಲ್ಲದ್ದು, ಆರ್8 ಬಾಣವಿರುವುದು, ಎರಡರಲ್ಲೂ ಜಿಪಿಎಸ್ ಒಳಗೇ ಇದೆ. ಎಸ್ಕಾರ್ಟ್‌ನ ರೆಡ್‌ಲೈನ್ 360ಸಿ ಬಾಣ, ಜಿಪಿಎಸ್ ಎರಡೂ ಇರುವ ದುಬಾರಿ ಮಾದರಿ. ಸುಳ್ಳು ಸಂಕೇತಗಳನ್ನು ತಾನೇ ಕಲಿತು ಮುಚ್ಚುವುದು ಅದರ ಹೆಚ್ಚುಗಾರಿಕೆ. ಕಲಿಯುವ ಯಂತ್ರ ಕೆಲವೊಮ್ಮೆ ತಪ್ಪು ಪಾಠವನ್ನೂ ಕಲಿಯುತ್ತದೆ ಎಂಬುದು ಬೇರೆ ಮಾತು. ಟ್ರೂಪರ್ ದಿನವೂ ಒಂದೇ ಸೇತುವೆ ಕೆಳಗೆ ಕೆ ಬ್ಯಾಂಡ್ ಗನ್ ಹಿಡಿದು ಕೂರುತ್ತಿದ್ದರೆ ಅದನ್ನೂ ಅಂಗಡಿ ಬಾಗಿಲೆಂದುಕೊಂಡುಬಿಡಬಹುದು.

ನಮ್ಮ ಸಲಹೆ: ನಿಮಗೆ ಆರ್4 ದರ್ಜೆಯದು ಸಾಕು, ಅಂದಾಜು 400 ಡಾಲರಿನ ಲೆಕ್ಕ. ನೀವು ಹೋಗುವುದು ಬಹುತೇಕ ಒಂದೇ ಇಂಟರ್‌ಸ್ಟೇಟ್‌ನಲ್ಲಿ, ತಿಂಗಳಿಗೆ ಎರಡು ಸಲ. ವರ್ಜೀನಿಯಾ ದಾರಿಯಲ್ಲಿ ಅದು ಸ್ಟೆಪ್ನಿ ಗುಂಡಿಯಲ್ಲಿರುತ್ತದೆ. ಅಷ್ಟಕ್ಕೆ 700–800 ಸುರಿಯುವುದು ನಮಗೆ ದುಂದೆನಿಸುತ್ತದೆ. ದಿನವೂ ನೂರು ಮೈಲಿ ಓಡಾಡುವವರು, ಊರೊಳಗಿನ ಅಡ್ಡರಸ್ತೆಗಳಲ್ಲಿ ಹೆಚ್ಚು ತಿರುಗುವವರು ಕೇಳಿದ್ದರೆ ಬಾಣವಿರುವುದನ್ನೇ ಹೇಳುತ್ತಿದ್ದೆವು. ಕಂಪನಿಯಿಂದ ನೇರ ಅಥವಾ ಅಧಿಕೃತ ಮಾರಾಟಗಾರರಿಂದ ಕೊಳ್ಳಿ, ಆನ್‌ಲೈನ್ ಅಂಗಡಿಗಳಲ್ಲಿ ಮೂರನೆಯವರು ಮಾರುವ ಮಾಲಿಗೆ ಎಷ್ಟೋ ಸಲ ವಾರಂಟಿ ಸಿಗುವುದಿಲ್ಲ. ವಾಪಸು ಕೊಡಲು 30 ದಿನವಾದರೂ ಇರಲಿ, ಏಕೆಂದರೆ ನಿಮ್ಮ ಕಾರಿನ ಸ್ವಂತ ಸೆನ್ಸರ್‌ಗೇ ಅದು ಕೂಗುತ್ತದೆಯೇ ಎಂಬುದು ಓಡಿಸಿದಾಗಲೇ ತಿಳಿಯುವುದು.

ಡಬ್ಬಿ ಬಿಚ್ಚಿದ ಮೇಲೆ

ಮೊದಲು ಕಂಪ್ಯೂಟರ್‌ಗೆ ಜೋಡಿಸಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಆಮೇಲೆ ಮೆನುವಿನಲ್ಲಿ ಎಕ್ಸ್ ಬ್ಯಾಂಡ್ ಆಫ್, ಪಾಪ್ ಮೋಡ್ ಆಫ್. ಪಾಪ್ ಎಂದರೆ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಕ್ಷಣ ಮಾತ್ರ ಮಿಂಚುವ ಗನ್ ಹಿಡಿಯುವ ವಿಧಾನ. ಆ ಕ್ಷಣದ ಅಳತೆಯ ಮೇಲೆ ಟಿಕೆಟ್ ಕೊಡಬೇಡಿ ಎಂದು ಗನ್ ತಯಾರಿಸಿದವರೇ ಹೇಳಿದ್ದರು. ನಿಮಗೆ ಅದರಿಂದ ಬರುವುದು ಸುಳ್ಳು ಸದ್ದು ಮಾತ್ರ. ಕೆ ಫಿಲ್ಟರ್ ಆನ್. ಟ್ರಾಫಿಕ್ ಸೆನ್ಸರ್ ಫಿಲ್ಟರ್ ಅನ್ನು ಮೊದಲಿಗೆ ಆಫ್ ಇಟ್ಟು ನೋಡಿ, ನಿಮ್ಮ ದಾರಿಯಲ್ಲಿ ಅಂಥ ಸೆನ್ಸರ್‌ಗಳ ಕಾಟವಿದ್ದರಷ್ಟೇ ಆನ್ ಮಾಡಿ, ಏಕೆಂದರೆ ಅದು ಕೆ ಬ್ಯಾಂಡಿನ ನಿಜವಾದ ಎಚ್ಚರಿಕೆಯನ್ನೂ ಕೊಂಚ ತಡಮಾಡುತ್ತದೆ. ಮೌನದ ವೇಗದ ಮಿತಿಯನ್ನು 35 ಮೈಲಿಗೆ ಇಡಿ. ಕೆಎ ಫ್ರೀಕ್ವೆನ್ಸಿ ಪರದೆಯ ಮೇಲೆ ಕಾಣುವಂತಿರಲಿ, ಇದನ್ನು ಮರೆಯಬೇಡಿ. ಜಾಗ ನೆನಪಿಟ್ಟು ಮುಚ್ಚುವ ಕೆಲಸ ಕೆ ಬ್ಯಾಂಡಿಗೆ ಮಾತ್ರ. ಕೆಎಯನ್ನು ಯಾವ ಜಾಗದಲ್ಲೂ ಮುಚ್ಚಬೇಡಿ.

ಆ ಮೂರು ಸಂಖ್ಯೆ ಕೆಲಸಕ್ಕೆ ಬರುವುದು ಇಲ್ಲಿ. ಪರದೆ 34.70 ಅಥವಾ 34.69 ತೋರಿಸಿದರೆ ಅದು ಗನ್, ಅನುಮಾನ ಬೇಡ. 33.8, 35.5ರ ಹತ್ತಿರ ಬಂದರೂ ಹಾಗೆಯೇ. ಎಲ್ಲೋ ನಡುವೆ 34.1, 35.1 ಎಂದು ತೋರಿಸಿ, ಪಕ್ಕದ ಕಾರಿನ ಜೊತೆಜೊತೆಗೇ ಬಂದು, ಆ ಕಾರು ಎಕ್ಸಿಟ್ ತೆಗೆದುಕೊಂಡಾಗ ಹೋದರೆ, ಆ ಕಾರಿನಲ್ಲಿ ಅಗ್ಗದ ಡಿಟೆಕ್ಟರ್ ಇದೆ. ಮೇಲೆ ಹೇಳಿದ ಸೋರಿಕೆ ಕೆಎ ಬ್ಯಾಂಡಿಗೂ ಬೀಳುತ್ತದೆ.

ಮೊದಲ ಎರಡು ವಾರ ಲಿಮಿಟ್‌ನಲ್ಲೇ ಓಡಿಸಿ ಅದರ ಭಾಷೆ ಕಲಿಯಿರಿ. ದೂರದ ಗನ್ ಒಂದು ಬಾರ್‌ನಿಂದ ಶುರುವಾಗಿ ನಿಧಾನವಾಗಿ ಏರುತ್ತದೆ. ದಿಬ್ಬದ ಆಚೆಗಿನದು ಒಂದೆರಡು ಸಲ ಚಿಟಿಕೆ ಹೊಡೆದು ಮಾಯವಾಗುತ್ತದೆ, ಇದನ್ನು ಅಲಕ್ಷ್ಯ ಮಾಡುವವರೇ ಹೆಚ್ಚು ಸಿಕ್ಕಿಬೀಳುವುದು. ಏಕೆಂದರೆ ಮುಂದಿನ ಕಾರಿಗೆ ಒತ್ತಿದ ಇನ್‌ಸ್ಟಂಟ್-ಆನ್ ಕಾಣುವುದು ಹಾಗೆಯೇ. ಅಂಗಡಿ ಬಾಗಿಲಿನದು ಎಕ್ಸಿಟ್ ಹತ್ತಿರ ಬಂದು, ಎಕ್ಸಿಟ್ ದಾಟಿದಾಗ ಹೋಗುತ್ತದೆ. ಯಾವುದೇ ಎಚ್ಚರಿಕೆ ಬಂದರೂ ಮೊದಲು ಕನ್ನಡಿ ನೋಡಿ, ಆಮೇಲೆ ಕಾಲು ಎತ್ತಿ. ಗಕ್ಕನೆ ಬ್ರೇಕ್ ಒತ್ತಿದರೆ ಕಾರಿನ ಮೂತಿ ಬಗ್ಗುವುದು ದೂರದಿಂದಲೇ ಕಾಣುತ್ತದೆ, ಹಿಂದಿನ ಟ್ರಕ್‌ಗೆ ನಿಲ್ಲಲು ಜಾಗವೂ ಇರುವುದಿಲ್ಲ.

ಕೂರಿಸುವ ಜಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಒಳ್ಳೆಯ ಡಿಟೆಕ್ಟರ್ ಕೆಡುವುದು ಇಲ್ಲೇ. ಆಂಟೆನಾ ಮುಂದಕ್ಕೆ, ರಸ್ತೆಗೆ ಸಮತಲವಾಗಿ, ಅಡ್ಡ ಏನೂ ಇಲ್ಲದಂತೆ ಇರಬೇಕು. ಎತ್ತರದಲ್ಲಿದ್ದರೆ ಮುಂದಿನ ಕಾರುಗಳ ಮೇಲಿನಿಂದ ಕೇಳಿಸುತ್ತದೆ, ಹಾಗಾಗಿ ರಿಯರ್ ವ್ಯೂ ಮಿರರ್ ಪಕ್ಕ ಸರಿಯಾದ ಜಾಗ. ನಿಮ್ಮ ಸಿಆರ್-ವಿಯಲ್ಲಿ ಹೋಂಡಾ ಸೆನ್ಸಿಂಗ್ ಎಂಬ ಸುರಕ್ಷತಾ ವ್ಯವಸ್ಥೆ ಇದ್ದರೆ ಗಾಜಿನ ಮೇಲ್ಭಾಗದ ನಡುವೆ ಕ್ಯಾಮೆರಾ ಇರುತ್ತದೆ, ಅದರ ಕಣ್ಣಿಗೆ ಅಡ್ಡ ಬರದಂತೆ ಪ್ರಯಾಣಿಕರ ಕಡೆಗೆ ಸರಿಸಿ. ಗಾಜಿನ ಮೇಲಂಚಿನ ಚುಕ್ಕಿಗಳ ಕಪ್ಪು ಪಟ್ಟಿಯ ಮೇಲೆ ಸಕ್ಷನ್ ಕಪ್ ನಿಲ್ಲುವುದಿಲ್ಲ. ಕಪ್ ಮತ್ತು ಗಾಜು ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಅಂಟಿಸಿ. ಜನವರಿಯ ಚಳಿಯಲ್ಲಿ ಅಂಟಿಸುವ ಮುನ್ನ ಡಿಫ್ರಾಸ್ಟರ್ ಹಾಕಿ ಗಾಜು ಬೆಚ್ಚಗಾಗಲಿ. ಗಾಜಿಗೆ ಲೋಹದ ಲೇಪನವೋ ಲೋಹದ ಟಿಂಟೋ ಇದ್ದರೆ ರೇಡಾರ್ ಒಳಗೇ ಬರುವುದಿಲ್ಲ. ಎನ್‌ಸಿ ಕ್ವಿಕ್ ಪಾಸ್ ಟ್ಯಾಗ್ ಅದೇ ಗಾಜಿನೊಳಗಿನಿಂದ 540 ಟೋಲ್‌ನಲ್ಲಿ ತೊಂದರೆಯಿಲ್ಲದೆ ಓದಿಸಿಕೊಳ್ಳುತ್ತಿದ್ದರೆ ನಿಮ್ಮ ಗಾಜಿನಲ್ಲಿ ಆ ಸಮಸ್ಯೆ ಬಹುಮಟ್ಟಿಗೆ ಇಲ್ಲ ಎಂದು ತಿಳಿಯಬಹುದು. ಬೇಸಿಗೆಯಲ್ಲಿ ಕಾರು ನಿಲ್ಲಿಸಿ ಹೋಗುವಾಗ ಬಿಚ್ಚಿ ಒಳಗಿಡಿ. ಬಿಸಿಲಿಗೆ ಪರದೆ ಕೆಡುತ್ತದೆ, ಗಾಜು ಒಡೆಯುವವರ ಕಣ್ಣಿಗೂ ಬೀಳುತ್ತದೆ.

ತಂತಿಯನ್ನು ಶಾಶ್ವತವಾಗಿ ಒಳಗೆ ಎಳೆಸುವುದು ಮೊದಲ ಎರಡು ಮೂರು ತಿಂಗಳು ಬೇಡ. ಮಾದರಿ ನಿಮಗೆ ಒಗ್ಗಿತೆಂದಾದ ಮೇಲೆ ನೋಡೋಣ. ಎಳೆಯುವುದಾದರೆ ಡ್ಯಾಶ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ, ಕಾರು ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ಜಾಗವನ್ನು ಮಲ್ಟಿಮೀಟರ್‌ನಿಂದ ಹುಡುಕಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ಕಂಪ್ಯೂಟರ್‌ನ ಫ್ಯೂಸ್‌ಗಳನ್ನು ಮುಟ್ಟಬೇಡಿ. ಒಂದು ಫ್ಯೂಸ್ ಎಳೆದು ಅದು ಮಿನಿಯೋ ಲೋ-ಪ್ರೊಫೈಲ್ ಮಿನಿಯೋ ಮೈಕ್ರೋ2 ಗಾತ್ರದ್ದೋ ನೋಡಿ, ಅದೇ ಗಾತ್ರದ ಆ್ಯಡ್-ಎ-ಫ್ಯೂಸ್ (ಫ್ಯೂಸ್ ಜಾಗದಿಂದ ಇನ್ನೊಂದು ತಂತಿ ತೆಗೆಯುವ ಹೋಲ್ಡರ್) ತಂದು ಡಿಟೆಕ್ಟರ್ ಕಡೆಗೆ 2 ಆಂಪ್ ಫ್ಯೂಸ್ ಹಾಕಿ. ನೆಗೆಟಿವ್ ತಂತಿಯನ್ನು ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಬಿಗಿಯಿರಿ. ಮುಂಗಾಜಿನ ಪಕ್ಕದ ಕಂಬದ (ಎ-ಪಿಲ್ಲರ್) ಒಳಗೆ, ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಮಡಚಿಕೊಂಡಿರುತ್ತದೆ, ತಂತಿ ಅದರ ಹಿಂದಿನಿಂದ ಹೋಗಬೇಕು. ಮುಂದಿನಿಂದ ಎಳೆದರೆ ಏರ್‌ಬ್ಯಾಗ್ ಬಿಚ್ಚುವಾಗ ತಂತಿ ಅಡ್ಡ ಸಿಗುತ್ತದೆ. ಟೆಲಿಫೋನ್ ಜಾಕ್‌ನಂತಿರುವ ಆ ಆರ್‌ಜೆ11 ಕೇಬಲ್ ಎಲ್ಲ ಕಂಪನಿಗೂ ಒಂದೇ ರೀತಿ ಕಾಣುತ್ತದೆ, ಒಳಗಿನ ಪ್ಲಸ್-ಮೈನಸ್ ಬೇರೆ ಇರಬಹುದು. ಚುಚ್ಚುವ ಮೊದಲು ಅಳೆಯಿರಿ, ತಿರುಗುಮುರುಗಾದರೆ ಸಾಧನ ಸುಟ್ಟುಹೋದೀತು, ವಾರಂಟಿಯೂ ಬರುವುದಿಲ್ಲ.

ಅದಕ್ಕೆ ಕೇಳಿಸದ್ದು

ಟ್ರೂಪರ್ ನಿಮ್ಮ ಹಿಂದೆ ಅದೇ ವೇಗದಲ್ಲಿ ಬಂದು ತನ್ನ ಸ್ಪೀಡೋಮೀಟರ್ ನೋಡಿ ಟಿಕೆಟ್ ಕೊಡಬಹುದು. ಅದಕ್ಕೆ ಯಾವ ತರಂಗವೂ ಬೇಡ, ಡಿಟೆಕ್ಟರ್ ಸುಮ್ಮನಿರುತ್ತದೆ. ವೇಜ್ ಆ್ಯಪ್ ಜೊತೆಗಿರಲಿ. ಲೇಸರ್ ಹಿಡಿದು ನಿಂತವನನ್ನು ಮುಂದೆ ಹೋದ ಯಾರೋ ಅದರಲ್ಲಿ ಗುರುತಿಸಿರುತ್ತಾರೆ, ಆ ವಿಷಯದಲ್ಲಿ ಅದು 800 ಡಾಲರಿನ ಡಿಟೆಕ್ಟರ್‌ಗಿಂತ ಮೇಲು. ನಿಮ್ಮ ದಾರಿಯ ಕೆಲವು ಗೆರೆಗಳೂ ತಿಳಿದಿರಲಿ: ನಾರ್ತ್ ಕ್ಯಾರೊಲಿನಾದಲ್ಲಿ 55ರ ಮೇಲೆ ಹೋಗುತ್ತಾ ಲಿಮಿಟ್‌ಗಿಂತ 15 ಮೈಲಿ ಮೀರಿದ್ದು ಸಾಬೀತಾದರೆ ಲೈಸೆನ್ಸ್ 30 ದಿನ ಹೋಗಬಹುದು, 80 ದಾಟಿದರೆ ಮಿಸ್‌ಡಿಮೀನರ್. ಜಾರ್ಜಿಯಾದಲ್ಲಿ 85 ಮುಟ್ಟಿದರೆ ಟಿಕೆಟ್ ದಂಡದ ಮೇಲೆ ಸೂಪರ್ ಸ್ಪೀಡರ್ ಎಂದು ಇನ್ನೂ 200 ಡಾಲರ್.

ತಮ್ಮನಿಗೆ

ಒಯ್ಯಬೇಡಿ. ನಮ್ಮಲ್ಲಿ ಹೈವೇ ಇಂಟರ್‌ಸೆಪ್ಟರ್ ವಾಹನಗಳಲ್ಲಿರುವುದು ಹೆಚ್ಚಾಗಿ ಲೇಸರ್ ಗನ್, ಅದಕ್ಕೆ ಡಿಟೆಕ್ಟರ್ ಏನು ಮಾಡುತ್ತದೆಂದು ಮೇಲೆ ಓದಿದಿರಿ. ಬೆಂಗಳೂರು–ಮೈಸೂರು ದಾರಿಯಲ್ಲಿ ಕಾರುಗಳ ಮಿತಿ 100 ಕಿ.ಮೀ., ಹಿಡಿಯುವುದು ಮುಖ್ಯವಾಗಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು. ಕೆಲವು ಕ್ಯಾಮೆರಾದ ಜೊತೆ ರೇಡಾರ್ ಇದ್ದರೂ ಅವು ಜಾಗ ಬದಲಿಸುವುದಿಲ್ಲ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ ಹೀಗೆ ಎಲೆಕ್ಟ್ರಾನಿಕ್ ನಿಗಾ ಇರುವ ಕಡೆ ಎಚ್ಚರಿಕೆಯ ಬೋರ್ಡ್ ಎದ್ದು ಕಾಣುವಂತೆ ಇರಬೇಕು, ತಪ್ಪಾದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಬೋರ್ಡ್ ಹೇಳುವುದನ್ನು ಕೇಳಲು 400 ಡಾಲರ್ ಏಕೆ? ಹೊರದೇಶದಿಂದ ರೇಡಿಯೋ ಸಾಧನ ತಂದರೆ ವೈರ್‌ಲೆಸ್ ನಿಯಮ, ಕಸ್ಟಮ್ಸ್ ಎಂದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ನೀವೇ ವಿವರಣೆ ಕೊಡುತ್ತಾ ನಿಲ್ಲಬೇಕಾದೀತು.

ಏನಾದರೂ ಒಯ್ಯಲೇಬೇಕೆಂದಿದ್ದರೆ ಮುಂದೆ-ಹಿಂದೆ ಎರಡೂ ಕಡೆ ಚಿತ್ರಿಸುವ ಡ್ಯಾಶ್‌ಕ್ಯಾಮ್ ಒಯ್ಯಿರಿ. ಚಿತ್ರದ ಮೇಲೆ ಜಿಪಿಎಸ್ ವೇಗ ಮೂಡುವಂಥದ್ದು ಇರಲಿ, ತಪ್ಪು ನೋಟಿಸ್ ಬಂದರೆ ತೋರಿಸಲು ಏನಾದರೂ ಕೈಯಲ್ಲಿರುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಬದಲು ಕೆಪಾಸಿಟರ್ ಇರುವುದನ್ನೇ ಆರಿಸಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಗಾಜಿಗೆ ಅಂಟಿಕೊಂಡಿದ್ದರೆ ಬ್ಯಾಟರಿ ಉಬ್ಬಿ ಕ್ಯಾಮೆರಾದ ಹೊಟ್ಟೆ ಒಡೆಯುತ್ತದೆ. ಮೆಮೊರಿ ಕಾರ್ಡ್ ಮೇಲೆ "ಹೈ ಎಂಡ್ಯೂರೆನ್ಸ್" ಎಂದಿರಬೇಕು.